ಹತ್ತನೆಯ ಸಹಿ

ನನ್ನ ಹೆಸರು ಹರಿಹರದ ಮತದಾರರ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ನಾನು ನನ್ನ ಅಕ್ಕನಿಗೆ ಹೇಳಲಿಲ್ಲ. ಹೇಳಲು ಹನ್ನೊಂದು ದಿನ ಸಿಕ್ಕಿದ್ದವು. ಆ ಹನ್ನೊಂದು ದಿನವೂ ಅವಳ ಮನೆಯಲ್ಲಿ ಉಂಡೆ, ಕರಪತ್ರದ ಚೀಲ ಹೊತ್ತು ಅವಳ ಹಿಂದೆ ನಡೆದೆ, ಅವಳು ಕೇಳಿದಾಗ ಮುಖ ನೋಡಿಯೇ ಸುಳ್ಳು ಹೇಳಿದೆ. ಅವಳು ವಿಧಾನಸಭೆ ಚುನಾವಣೆಗೆ ನಿಲ್ಲಲಾಗದೆ ಹೋದದ್ದು ಅದರಿಂದ. ಅದಾದ ಮೇಲೂ ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆನಲ್ಲ, ಅದು ಇನ್ನೂ ದೊಡ್ಡ ತಪ್ಪು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ದಿನಾ ಹರಿಹರದಿಂದ ಬಸ್ಸಿಗೆ ಹೋಗಿ ಬರುತ್ತೇನೆ. ಇಷ್ಟುದ್ದ ಬರೆದು ರೂಢಿಯಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಮ್ಮ ಓಣಿ ಹರಿಹರದಲ್ಲಿ ಹೊಳೆದಂಡೆಗೆ ಅಂಟಿಕೊಂಡಿದೆ. ಮಳೆಗಾಲದಲ್ಲಿ ಮೇಲಿನ ಡ್ಯಾಮುಗಳಿಂದ ನೀರು ಬಿಟ್ಟರೆ ಊರಿನಲ್ಲಿ ಮೊದಲು ಒದ್ದೆಯಾಗುವುದು ನಮ್ಮ ಹೊಸ್ತಿಲುಗಳು. ನಮ್ಮ ಅಪ್ಪನ ಕಾಲದಿಂದ ಅಲ್ಲೇ ಇದ್ದೇವೆ. ಕರೆಂಟು ಬಿಲ್ಲು ಬರುತ್ತದೆ, ಕಂದಾಯದವರು ಬರುತ್ತಾರೆ, ಓಟು ಕೇಳುವವರೂ ಬರುತ್ತಾರೆ. ಆದರೆ ಈ ಜಾಗ ನಿಮ್ಮದು ಎಂದು ಹೇಳುವ ಹಕ್ಕುಪತ್ರ ಮಾತ್ರ ಯಾರ ಮನೆಯಲ್ಲೂ ಇಲ್ಲ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನಮ್ಮ ಮನೆಯಿಂದ ಮೂರನೆಯದು ಅವಳ ಮನೆ. ಬ್ಲೌಸು ಹೊಲಿಯುತ್ತಾಳೆ. ಭಾವ ಲಾರಿ ಡ್ರೈವರು, ತಿಂಗಳಿಗೆ ಎರಡು ಸಲ ಮುಖ ತೋರಿಸಿದರೆ ಹೆಚ್ಚು. ಹಕ್ಕುಪತ್ರಕ್ಕಾಗಿ ಅಕ್ಕ ತಾಲ್ಲೂಕು ಕಚೇರಿಗೆ ಅಲೆಯಲು ಶುರುಮಾಡಿದಾಗ ಅವಳ ತಲೆಯಲ್ಲಿ ಒಂದೂ ಬಿಳಿ ಕೂದಲು ಇರಲಿಲ್ಲ.

ಅವಳ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇತ್ತು. ನಮ್ಮ ಓಣಿಯಲ್ಲಿ ಯಾರೂ ಹೆಬ್ಬೆಟ್ಟು ಒತ್ತುವಂತಿಲ್ಲ. ಒಂದು ಸಲ ಯಾರೋ ಇಬ್ಬರು ಸಮೀಕ್ಷೆ ಎಂದು ಹೇಳಿಕೊಂಡು ಬಂದು, ಖಾಲಿ ಹಾಳೆಗಳ ಮೇಲೆ ಹೆಂಗಸರ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದರು. ತಿಂಗಳೊಪ್ಪತ್ತಿನಲ್ಲಿ ಅದೇ ಹಾಳೆಗಳು 'ನಾವು ಸ್ವಂತ ಇಚ್ಛೆಯಿಂದ ಜಾಗ ಬಿಡುತ್ತೇವೆ' ಎಂಬ ಟೈಪು ಹೊತ್ತು ಬಂದವು. ಯಾರು ಕಳಿಸಿದ್ದರು ಎಂಬುದು ಇವತ್ತಿಗೂ ಗೊತ್ತಾಗಿಲ್ಲ. ಅದನ್ನು ರದ್ದು ಮಾಡಿಸುವಷ್ಟರಲ್ಲಿ ಅಕ್ಕನಿಗೆ ಸಾಕುಸಾಕಾಯಿತು. ಅಂದಿನಿಂದ ಅವಳು ಹೊಳೆಯ ಬಟ್ಟೆ ಒಗೆಯುವ ಬಂಡೆಗಳ ಮೇಲೆ ಇದ್ದಿಲಿನಿಂದ ಹೆಂಗಸರಿಗೆ ಸಹಿ ಕಲಿಸತೊಡಗಿದಳು. ಬಟ್ಟೆ ಒಗೆಯುವ ಮುಂಚೆ ಸಹಿ, ಒಗೆದಾದ ಮೇಲೆ ಅದೇ ನೀರಿನಿಂದ ಬಂಡೆ ತೊಳೆಯುವುದು. ಬೀಡಿ ಕಟ್ಟುವ ಖಾಲಾ, ಓಣಿಗೆಲ್ಲ ಚಿಕ್ಕಮ್ಮ, ನಮ್ಮ ಪಕ್ಕದ ಮನೆಯವರು, ಅರವತ್ತು ದಾಟಿದವರು. ಅವರೂ ಕಲಿತರು. ಅವರು ಒಂದು ಸಹಿ ಮುಗಿಸುವುದರಲ್ಲಿ ನಾವು ಚಹಾ ಕುಡಿದು ಲೋಟ ತೊಳೆದಿಡಬಹುದಿತ್ತು.

ನನಗೆ ಸಹಿ ಕಲಿಸಿದ್ದೂ ಅಕ್ಕನೇ. ಅದು ಅದಕ್ಕೂ ಎಷ್ಟೋ ವರ್ಷ ಮುಂಚೆ, ನಾನು ಶಾಲೆ ಬಿಟ್ಟ ಬೇಸಿಗೆಯಲ್ಲಿ. ಹೆಸರು ಬರೆಸಿ, ಕೆಳಗೊಂದು ಗೆರೆ ಎಳೆಸಿ, ಗೆರೆಯ ಕೆಳಗೆ ಎರಡು ಚುಕ್ಕಿ ಇಡಿಸಿದ್ದಳು. ಗೆರೆ ಅಂದರೆ ಹೊಳೆ, ಚುಕ್ಕಿ ಅಂದರೆ ದಂಡೆ ಮೇಲೆ ಕೂತ ನಾವಿಬ್ಬರು ಎಂದು ಆಗ ಹೇಳಿದ್ದಳು. ಮಕ್ಕಳ ಮಾತು. ಆದರೆ ನನ್ನ ಸಹಿ ಹಾಗೇ ಉಳಿಯಿತು.

ನಮ್ಮ ಓಣಿಯ ಇಪ್ಪತ್ತು ಮನೆಗಳಿಗೆ ಬೇರೆ ಕಡೆ ಮನೆ ಕೊಡುತ್ತೇವೆ ಎಂದು ಒಂದು ವರ್ಷ ಕಚೇರಿಯಿಂದ ಪಟ್ಟಿ ಬಂತು. ಇರುವುದು ನೂರಕ್ಕೂ ಹೆಚ್ಚು ಮನೆ. ಅಕ್ಕ ನೀರಿನ ಟ್ಯಾಂಕಿನ ಕೆಳಗೆ ಎಲ್ಲರನ್ನೂ ಕೂರಿಸಿ ಆ ಪಟ್ಟಿ ಓದಿದಳು.

"ಮೊದಲ್ನೇ ಹೆಸರು ನಂದು. ಎರಡ್ನೇದು ನನ್ನ ತಮ್ಮಂದು. ಯಾಕ ಹಿಂಗೆ ಬರೆದಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು," ಎಂದಳು.

"ನಿನ್ನ ಬಾಯಿಗೆ ಬೀಗ ಹಾಕಾಕೆ ಬೇಟಿ," ಎಂದರು ಖಾಲಾ. "ಸಣ್ಣ ಬೀಗ ತಂದಾರೆ. ಈ ಬಾಯಿಗೆ ಸಾಲಲ್ಲ."

ಜನ ನಕ್ಕರು. ಅವತ್ತು ಒಂದು ಕಾಗದ ಬರೆದೆವು. ಕೊಟ್ಟರೆ ಎಲ್ಲರಿಗೂ ಕೊಡಿ. ಅಲ್ಲಿಯವರೆಗೆ ನಮ್ಮಲ್ಲಿ ಒಬ್ಬರೂ ಬೇರೆ ಮನೆ ತೆಗೆದುಕೊಳ್ಳುವುದಿಲ್ಲ, ಬೇರೆ ಕಡೆ ಅರ್ಜಿಯನ್ನೂ ಹಾಕುವುದಿಲ್ಲ. ಅಕ್ಕ ಪೆನ್ನು ನನ್ನ ಕೈಗೆ ಕೊಟ್ಟು, "ನೀನೇ ಮೊದಲು ಹಾಕು. ಮನೆಯಿಂದ್ಲೇ ಶುರುವಾಗ್ಲಿ," ಎಂದಳು. ನಾನು ಗೆರೆ ಎಳೆದು ಎರಡು ಚುಕ್ಕಿ ಇಟ್ಟೆ.

ಅದರ ಮುಂದಿನ ಮಳೆಗಾಲ ಹೊಳೆ ಒಳಗೆ ಬಂತು. ನನ್ನ ಮಗಳಿಗೆ ಐದು ತಿಂಗಳು. ಒಂಬತ್ತು ದಿನ ಶಾಲೆಯ ವರಾಂಡದ ಗಂಜಿ ಕೇಂದ್ರದಲ್ಲಿದ್ದೆವು. ಕೂಸಿಗೆ ಜ್ವರ ಹತ್ತಿ ಎದೆಯಲ್ಲಿ ಕಫ ಕಟ್ಟಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಉಸಿರಿಗೆ ಕೊಳವೆ ಹಾಕಿದ್ದನ್ನು ನಾನು ಗಾಜಿನ ಹೊರಗಿನಿಂದ ನೋಡಿದೆ. ಕೂಸು ಉಳಿಯಿತು. ಮನೆಗೆ ಬಂದು ಗೋಡೆಯ ಕೆಸರು ಕೆರೆಯುತ್ತಿದ್ದಾಗ ನನ್ನ ಹೆಂಡತಿ ಹೇಳಿದ ಮಾತು ನನಗೆ ಇವತ್ತಿಗೂ ತಪ್ಪು ಅನ್ನಿಸುವುದಿಲ್ಲ.

"ನಿಮ್ಮಕ್ಕ ಹೋರಾಟ ಮಾಡ್ಲಿ, ನಾನು ಬ್ಯಾಡ ಅನ್ನಲ್ಲ. ಅದು ಮುಗಿಯೋತನ ನನ್ನ ಕೂಸು ನೀರಾಗ ಇರ್ಬೇಕೇನು?"

ಅವಳ ತವರುಮನೆ ದಾವಣಗೆರೆಯ ವಿನೋಬನಗರದಲ್ಲಿ. ಅಲ್ಲಿ ದೇವರಾಜ ಅರಸು ಬಡಾವಣೆಯ ಆಚೆ ಬಡವರಿಗೆ ಮನೆ ಕಟ್ಟಿ ಕೊಡುತ್ತಾರೆ ಎಂಬ ಸುದ್ದಿ ಇತ್ತು. ಅರ್ಜಿ ಹಾಕಬೇಕಾದರೆ ದಾವಣಗೆರೆಯ ಮತದಾರನಾಗಿರಬೇಕು ಎಂದು ಅತ್ತೆಮನೆಯವರು ಹೇಳಿದರು. ಒಂದು ಮಧ್ಯಾಹ್ನ ಭಟ್ಟಿಯಿಂದ ರಜೆ ಕೇಳಿ ಹೋಗಿ, ವಿಳಾಸ ಬದಲಾವಣೆಯ ಫಾರಂ ತುಂಬಿಸಿ ಸಹಿ ಹಾಕಿದೆ. ಹೊಸ ಕಾರ್ಡು ವಿನೋಬನಗರದ ವಿಳಾಸಕ್ಕೆ ಬಂತು. ಹಳೆಯದನ್ನೂ ಇಟ್ಟುಕೊಂಡೆ. ಮನೆಗೆ ಅರ್ಜಿಯನ್ನೂ ಹಾಕಿದೆ. ಆ ಮನೆ ನನಗೆ ಬರಲಿಲ್ಲ, ಅದು ಬೇರೆ ಮಾತು. ಅಕ್ಕನಿಗೆ ಹೇಳಿದರೆ ಬಯ್ಯುತ್ತಿದ್ದಳು, ಆಮೇಲೆ ಸುಮ್ಮನಾಗುತ್ತಿದ್ದಳು. ಅವಳು ಸುಮ್ಮನಾಗುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಚುನಾವಣೆ ಹತ್ತಿರ ಬಂದಾಗ ಓಣಿಯ ಹೆಂಗಸರೇ ಅವಳನ್ನು ನಿಲ್ಲು ಎಂದರು. ಯಾವ ಪಕ್ಷದವರೂ ಅವಳನ್ನು ಕೇಳಿರಲಿಲ್ಲ. ಪಕ್ಷೇತರಳಾಗಿ ನಿಲ್ಲುವುದೆಂದು ಆಯಿತು. ಗೆಲ್ಲುತ್ತೇವೆ ಎಂಬ ಭ್ರಮೆ ನಮಗಿರಲಿಲ್ಲ. ಒಂದು ಲೆಕ್ಕ ಮಾತ್ರ ಇತ್ತು. ಹೊಳೆದಂಡೆಯ ಓಟು, ಬೀಡಿಯವರ ಓಟು, ಹಳ್ಳಿಯ ಕೂಲಿಯವರ ಓಟು ಒಂದು ಕಡೆ ಬಿದ್ದರೆ, ಯಾರೇ ಗೆಲ್ಲಲಿ, ಹಕ್ಕುಪತ್ರದ ಮಾತಾಡಲು ನಮ್ಮ ಟ್ಯಾಂಕಿನ ಕೆಳಗೆ ಬಂದು ಕೂರಲೇಬೇಕಾಗುತ್ತಿತ್ತು. ಅಕ್ಕನಿಗೆ ಬೇಕಾಗಿದ್ದದ್ದು ಅಷ್ಟೇ. ಅವಳು ಹೊಲಿಗೆ ಮೆಷಿನ್ನಿನ ಚಿಹ್ನೆ ಕೇಳುತ್ತೇನೆ ಎಂದಾಗ ಖಾಲಾ, "ಬಟನ್ ಒತ್ತಿದ್ರೆ ಬ್ಲೌಸೂ ಬೀಳ್ತೈತೇನು? ಹಂಗಿದ್ರೆ ಎರಡು ಸಲ ಒತ್ತತೀನಿ," ಎಂದರು.

ನಮಗೆ ಗಾಡಿಯಿಲ್ಲ, ಮೈಕಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದರವರೆಗೆ ನಡೆಯುವುದು, ಆಮೇಲೆ ನಾನು ಭಟ್ಟಿಗೆ, ಅಕ್ಕ ಮೆಷಿನ್ನಿಗೆ. ದಾವಣಗೆರೆಯ ಒಬ್ಬ ವಯಸ್ಸಾದ ವಕೀಲರು ಕಾಗದಪತ್ರ ನೋಡಿಕೊಳ್ಳುತ್ತಿದ್ದರು. ಪಕ್ಷೇತರರ ನಾಮಪತ್ರಕ್ಕೆ ಸಹಿ ಹಾಕಲು ಹತ್ತು ಜನ ಸೂಚಕರು ಬೇಕು, ಹತ್ತೂ ಜನ ಇದೇ ಕ್ಷೇತ್ರದ ಮತದಾರರೇ ಆಗಿರಬೇಕು, ಒಬ್ಬರು ಕಡಿಮೆಯಾದರೂ ನಾಮಪತ್ರ ಹೋಯಿತು ಎಂದು ಅವರು ಮೊದಲ ದಿನವೇ ಹೇಳಿದ್ದರು.

ಅಕ್ಕ ಒಂಬತ್ತು ಹೆಸರು ಬರೆಸಿದಳು. ಒಂಬತ್ತೂ ಹೆಂಗಸರು, ಒಂಬತ್ತೂ ಜನ ಬಂಡೆಯ ಮೇಲೆ ಸಹಿ ಕಲಿತವರು. ಮೊದಲ ಹೆಸರು ಖಾಲಾ ಅವರದು.

"ಹತ್ತನೇದು?" ವಕೀಲರು ಕೇಳಿದರು.

ಅಕ್ಕ ನನ್ನ ಕಡೆ ನೋಡಿದಳು. "ಇವನು. ನಾನು ಸಹಿ ಕಲಿಸಿದ ಮೊದಲ್ನೇ ವಿದ್ಯಾರ್ಥಿ ಇವ್ನೇ."

ಅದು ಒಂದನೆಯ ದಿನ. ಆಗಲೇ ಹೇಳಬೇಕಿತ್ತು. ಹತ್ತನೆಯ ಹೆಸರಿಗೆ ಓಣಿಯಲ್ಲಿ ಯಾರಾದರೂ ಸಿಗುತ್ತಿದ್ದರು. ಆದರೆ "ನಿನ್ನ ಹೆಸರು ಯಾಕ ಇಲ್ಲ?" ಎಂದು ಅಕ್ಕ ಅಷ್ಟು ಜನರ ಮುಂದೆ ಕೇಳುತ್ತಿದ್ದಳು. ನಾನು ಹಳೆಯ ಕಾರ್ಡು ತೆಗೆದು ವಕೀಲರ ಮುಂದಿಟ್ಟೆ.

ಅವರು ಬುದ್ಧಿವಂತರು. "ಕಾರ್ಡು ನೋಡಿ ಬರೆಯೋದು ಬ್ಯಾಡ. ತಾಲ್ಲೂಕು ಕಚೇರಿಯಿಂದ ಹೊಸ ಪಟ್ಟಿ ತಂದು ಹತ್ತೂ ಹೆಸರು ತಾಳೆ ನೋಡಿ ಗುರುತು ಹಾಕ್ರಿ," ಎಂದರು. ಆ ಕೆಲಸವನ್ನು ಅಕ್ಕ ನನಗೇ ಒಪ್ಪಿಸಿದಳು.

ಪಟ್ಟಿ ತಂದು ಹರಿಹರದ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ನೋಡಿದೆ. ಒಂಬತ್ತು ಹೆಸರೂ ಇದ್ದವು. ನನ್ನ ಹೆಸರು ಕೊನೆಗೆ ಸೇರಿಸಿದ್ದ ಹಾಳೆಯಲ್ಲಿತ್ತು, ತೆಗೆದುಹಾಕಿದವರ ಸಾಲಿನಲ್ಲಿ. ಪಕ್ಕದಲ್ಲಿ 'ಸ್ಥಳ ಬದಲಾವಣೆ' ಎಂದು ಬರೆದಿತ್ತು. ಅದನ್ನು ನಾನು ಮೂರು ಸಲ ಓದಿದೆ. ಆಮೇಲೆ ಮನೆಯಲ್ಲಿದ್ದ ಹಳೆಯ ಪಟ್ಟಿಯಿಂದ ನನ್ನ ಕ್ರಮಸಂಖ್ಯೆ ನೋಡಿ ಬರೆದು ಹತ್ತಕ್ಕೂ ಟಿಕ್ ಹಾಕಿ ಕೊಟ್ಟೆ. ಕೊನೆಯ ಹಾಳೆಯನ್ನು ಯಾರು ನೋಡುತ್ತಾರೆ ಎಂದುಕೊಂಡೆ. ನಾನು ಜೀವನದಲ್ಲಿ ಯಾವ ಕಾಗದದ ಕೊನೆಯ ಹಾಳೆಯನ್ನೂ ಓದಿದವನಲ್ಲ. ಬೇರೆಯವರೂ ಹಾಗೇ ಇರುತ್ತಾರೆ ಎಂದು ನಂಬಿದೆ.

ಐದನೆಯ ದಿನವೋ ಆರನೆಯದೋ, ಕೊಂಡಜ್ಜಿಗೆ ಹೋಗಿದ್ದೆವು. ಬಿಸಿಲು ಏರುವ ಮೊದಲೇ ಊರು ಸುತ್ತಿ ಮುಗಿಸಿದ್ದೆವು. ಒಬ್ಬ ಅಜ್ಜ ಜಗುಲಿಯ ಮೇಲಿಂದಲೇ ಕೂಗಿ ಕೇಳಿದ.

"ಸೋತ್ರೆ ಏನ್ ಮಾಡ್ತೀಯವ್ವ?"

"ಸೋತ್ರೆ ಮಾರ್ನೇ ದಿನ ನಿನ್ನ ಮನೆ ಮುಂದೆ ಬರ್ತೀನಿ ಅಜ್ಜ. ಗೆದ್ದೋರು ಬರಂಗಿಲ್ಲ, ಬೇಕಾದ್ರೆ ಬರೆದಿಟ್ಗ."

"ಮಾತು ಚೆನ್ನಾಗಿ ಹೊಲಿತೀಯ ಬಿಡು," ಎಂದು ಅಜ್ಜ ಕರಪತ್ರ ಮಡಚಿ ಜೇಬಿಗಿಟ್ಟುಕೊಂಡ.

ಆಮೇಲೆ ಕೆರೆಯ ಏರಿಯ ಮೇಲೆ ಕೂತೆವು. ಅಕ್ಕ ಚಪ್ಪಲಿ ಬಿಟ್ಟು ಪಾದ ನೋಡಿಕೊಂಡಳು. ಹಿಮ್ಮಡಿಯ ಬೊಬ್ಬೆ ಒಡೆದಿತ್ತು. ಸೆರಗಿನ ಅಂಚಿಗೆ ನೀರು ಹಚ್ಚಿ ಒರೆಸಿಕೊಂಡಳು. ನಾವಿಬ್ಬರೇ. ಇದಕ್ಕಿಂತ ಒಳ್ಳೆ ಹೊತ್ತು ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಅಕ್ಕಾ, ಆ ಪಟ್ಟಿ..."

"ಹ್ಞಾಂ, ನಾನೂ ಕೇಳ್ಬೇಕಂತಿದ್ದೆ. ಸರಿಯಾಗಿ ನೋಡಿದ್ಯಲ್ಲ?"

"ನೋಡಿದೆ."

"ಹತ್ತೂ?"

"ಹತ್ತೂ."

"ಹಂಗಾದ್ರೆ ಸರಿ. ಅದೊಂದು ಹೆದರಿಕೆ ಇತ್ತು ನನಗೆ," ಎಂದು ಅವಳು ಚಪ್ಪಲಿ ಮೆಟ್ಟಿಕೊಂಡು ಎದ್ದಳು. ಅವಳ ಹಿಂದೆ ನಡೆಯುತ್ತ, ಧೂಳಿನ ಮೇಲೆ ಅವಳ ಒಂದು ಹೆಜ್ಜೆ ಪೂರ್ತಿ, ಇನ್ನೊಂದು ಅರ್ಧ ಬೀಳುತ್ತಿದ್ದುದನ್ನು ಊರು ದಾಟುವವರೆಗೆ ನೋಡಿದೆ.

ನಾಮಪತ್ರ ಕೊಡಲು ಕೊನೆಯ ದಿನಕ್ಕೆ ಒಂದು ದಿನ ಮುಂಚೆ ಹೋದೆವು. ಓಣಿಯ ಹೆಂಗಸರು ತಲೆಗೆ ಎಣ್ಣೆ ಹಚ್ಚಿ, ಮದುವೆಗೆ ಹೋಗುವವರ ಹಾಗೆ ತಯಾರಾಗಿ ಬಂದಿದ್ದರು. ಸಹಿಗಳನ್ನು ಹಿಂದಿನ ದಿನವೇ ಹಾಕಿಸಿದ್ದರು. ಹತ್ತನೆಯ ಜಾಗದಲ್ಲಿ ನನ್ನ ಗೆರೆ, ನನ್ನ ಎರಡು ಚುಕ್ಕಿ. ಕೊಡುವ ದಿನ ಕಾಗದ ಎಲ್ಲ ಇವೆಯೇ ಎಂದು ನೋಡಿ ರಸೀದಿ ಕೊಟ್ಟರು. ಪೂರ್ತಿ ಪರಿಶೀಲನೆ ಆಮೇಲೆ. ಹೊರಗೆ ಬಂದಾಗ ವಕೀಲರು, "ಬೇರೆಯವರು ಎರಡು ಮೂರು ಸೆಟ್ ನಾಮಪತ್ರ ಕೊಡ್ತಾರೆ. ನಾಳೆ ಮಧ್ಯಾಹ್ನ ಮೂರರ ತನಕ ಟೈಮ್ ಐತೆ. ಬೇರೆ ಹತ್ತು ಜನರದ್ದು ಇನ್ನೊಂದು ಸೆಟ್ ಇರ್ಲಿ ಏನಮ್ಮ?" ಎಂದರು.

"ಬ್ಯಾಡ ಸಾರ್. ಮತ್ತೆ ಹತ್ತು ಜನರ ಕೂಲಿ ತಪ್ಪತೈತೆ. ತಮ್ಮ ಎಲ್ಲಾ ನೋಡ್ಯಾನೆ," ಎಂದಳು ಅಕ್ಕ.

ಮಾರನೆಯ ದಿನ ನಾನು ಭಟ್ಟಿಯಲ್ಲಿದ್ದೆ. ಕಾದ ಮರಳಿಗೆ ಅಕ್ಕಿ ಬಿದ್ದು ಅರಳುವ ಸದ್ದು, ಹೊಗೆ, ಎದುರುಗೋಡೆಯ ಗಡಿಯಾರ. ಎರಡು ಗಂಟೆಯಾಯಿತು. ಓಣಿಯಿಂದ ತಾಲ್ಲೂಕು ಕಚೇರಿಗೆ ಆಟೋದಲ್ಲಿ ಹತ್ತು ನಿಮಿಷ. ಹತ್ತು ಹೆಂಗಸರು ಬೀಡಿಯ ಮೊರ ಇಟ್ಟು ಎದ್ದರೆ ಸಹಿಗೆ ಅರ್ಧ ಗಂಟೆ. ಎರಡೂ ಇಪ್ಪತ್ತಕ್ಕೆ ಜರಡಿ ಕೆಳಗಿಟ್ಟು ಹೊರಗೆ ಹೋಗಿ ಫೋನ್ ಮಾಡಿದೆ. ಆ ಕಡೆ ಮೆಷಿನ್ನಿನ ಸದ್ದು ನಿಂತಿತು.

"ಏನೋ?"

"ಏನಿಲ್ಲ. ಊಟ ಆತಾ?"

"ಇದ್ನ ಕೇಳಾಕೆ ಫೋನ್ ಮಾಡಿದ್ಯಾ? ಯಾಕ, ಮೈಯಾಗ ಹುಷಾರೈತಲ್ಲ?"

"ಹುಷಾರೈತೆ."

"ಸಂಜಿಗೆ ಬಾ. ಮೆಣಸಿನಕಾಯಿ ಹಾಕಾಕೆ ಹಿಟ್ಟು ಕಲಸೀನಿ. ಮಂಡಕ್ಕಿ ನೀನು ತಗಂಬಾ," ಎಂದು ಇಟ್ಟಳು.

ಒಳಗೆ ಬಂದೆ. ಜೊತೆಗಾರ ಒಬ್ಬ, "ಏನ್ ಮಾವಾ, ನಿನ್ನ ಅಕ್ಕ ಎಮ್ಮೆಲ್ಲೆ ಆದ್ರೆ ನಮ್ಮ ಭಟ್ಟಿಗೆ ಏಸಿ ಹಾಕಿಸ್ತಾಳೇನು?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಗಡಿಯಾರದ ಮುಳ್ಳು ಮೂರು ದಾಟುವುದನ್ನು ನಗುತ್ತಲೇ ನೋಡಿದೆ.

ಪರಿಶೀಲನೆಯ ದಿನ ಒಳಗೆ ಹೋಗಲು ಅಕ್ಕ, ವಕೀಲರು, ಸೂಚಕರಲ್ಲಿ ಒಬ್ಬರು ಎಂದು ನಾನು. ಒಂದೊಂದೇ ನಾಮಪತ್ರ ಎತ್ತಿ ಕೇಳುತ್ತಿದ್ದರು. ಅಕ್ಕನದು ಬಂದಾಗ ಎದುರಿನ ಅಭ್ಯರ್ಥಿಯ ಕಡೆಯ ವಕೀಲ ಎದ್ದು ನಿಂತ. ಅವನ ಕೈಯಲ್ಲಿ ಪಟ್ಟಿಯ ಕೊನೆಯ ಹಾಳೆ ಇತ್ತು. ನಾನು ಯಾರೂ ಓದುವುದಿಲ್ಲ ಎಂದುಕೊಂಡಿದ್ದ ಹಾಳೆಗೆ ಕೆಂಪು ಪೆನ್ನಿನ ಸುತ್ತು.

ಚುನಾವಣಾಧಿಕಾರಿ ಅದನ್ನು ತೆಗೆದುಕೊಂಡು ಓದಿದರು. ಕನ್ನಡಕ ಸರಿಮಾಡಿಕೊಂಡು ನನ್ನನ್ನು ಕರೆದರು.

"ಇದು ನೀವೇ ಏನ್ರಿ? ಸ್ಥಳ ಬದಲಾವಣೆ ಅಂತ ನಿಮ್ಮ ಹೆಸರು ಈ ಕ್ಷೇತ್ರದಿಂದ ತೆಗೆದೈತೆ. ನೀವು ಅರ್ಜಿ ಕೊಟ್ಟಿದ್ರಾ?"

ಅಕ್ಕ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಂಶಯ ಇರಲಿಲ್ಲ. 'ಹೇಳು, ಇಲ್ಲ ಅಂತ ಹೇಳು' ಎನ್ನುವ ಮುಖ.

"ಇಲ್ಲ ಸಾರ್. ನಾನು ಕೊಟ್ಟಿಲ್ಲ," ಎಂದೆ.

ಅಧಿಕಾರಿ ಒಳ್ಳೆಯವರೇ. ಅರ್ಧ ಗಂಟೆ ಕಾದರು, ಯಾರನ್ನೋ ಕೇಳಿದರು. ಆಮೇಲೆ, "ನೀವು ಕೊಟ್ಟಿರ್ರಿ, ಬಿಟ್ಟಿರ್ರಿ, ಇವತ್ತಿನ ಪಟ್ಟಿಯೊಳಗೆ ಹೆಸರಿಲ್ಲ. ನನ್ನ ಕೈ ಕಟ್ಟೈತೆ," ಎಂದು ತಿರಸ್ಕರಿಸಲಾಗಿದೆ ಎಂದು ಬರೆದರು. ಹೊರಗೆ ಹುಣಸೆಮರದ ಕೆಳಗೆ ಓಣಿಯ ಹೆಂಗಸರು ಕಾಯುತ್ತಿದ್ದರು. ಅಕ್ಕ ಹೇಳಿದಳು. ಖಾಲಾ ಅಲ್ಲೇ ನೆಲದ ಮೇಲೆ ಕೂತರು. ಅವರು ಆ ಸಹಿಗಾಗಿ ಮೂರು ದಿನ ಬೀಡಿಯ ಕಾಗದದ ಮೇಲೆ ಬರೆದು ಬರೆದು ರೂಢಿ ಮಾಡಿಕೊಂಡಿದ್ದರು.

ಅಕ್ಕ ಅಳಲಿಲ್ಲ. ಸಿಟ್ಟು ಬಂದರೆ ಅವಳ ದನಿ ಸಣ್ಣಗಾಗುತ್ತದೆ. "ನನ್ನ ತಮ್ಮನ ಹೆಸರು ಬೇಕಂತಲೇ ತೆಗೆಸ್ಯಾರೆ. ನಾವು ನಿಲ್ತೀವಿ ಅಂತ ಗೊತ್ತಾಗೇ ತೆಗೆಸ್ಯಾರೆ. ಬಿಡಲ್ಲ ನಾನು," ಎಂದಳು.

ಬಿಡಲಿಲ್ಲ. ಚುನಾವಣೆ ನಮ್ಮನ್ನು ದಾಟಿಕೊಂಡು ಹೋಯಿತು, ಯಾರೋ ಗೆದ್ದರು. ಅದಾದ ಮೇಲೆ ಅವಳು ತಾಲ್ಲೂಕು ಕಚೇರಿಯ ಮುಂದೆ ಕೂತಳು, ವಾರಕ್ಕೆರಡು ದಿನ, ಊಟದ ಡಬ್ಬಿ ಕಟ್ಟಿಕೊಂಡು. 'ನನ್ನ ತಮ್ಮನ ಹೆಸರು ತೆಗೆದವರು ಯಾರು?' ಎಂದು ಒಂದು ರಟ್ಟಿನ ಮೇಲೆ ಬರೆಸಿದ್ದಳು. ಆ ರಟ್ಟನ್ನು ಹಿಡಿದು ನಿಂತವನು ನಾನು. ದಾರಿಯಲ್ಲಿ ಹೋಗುವವರು ರಟ್ಟು ಓದಿ ನನ್ನ ಮುಖ ನೋಡಿ 'ಪಾಪ' ಎನ್ನುತ್ತಿದ್ದರು. ಒಬ್ಬರು ನೀರಿನ ಬಾಟಲಿ ಕೊಟ್ಟರು. ತೆಗೆದುಕೊಂಡೆ.

ನನ್ನ ಹೆಸರು ತೆಗೆಯಲು ಯಾರು ಅರ್ಜಿ ಕೊಟ್ಟರು, ಅದರ ನಕಲು ಬೇಕು ಎಂದು ಅಕ್ಕ ಮಾಹಿತಿ ಹಕ್ಕಿನಲ್ಲಿ ಕೇಳಿದಳು. ಅದನ್ನು ಕೇಳಿದ ದಿನದಿಂದ ಅಂಚೆಯವನ ಸೈಕಲ್ಲು ಓಣಿಗೆ ತಿರುಗಿದರೆ, ಅದು ಯಾರ ಮನೆ ಮುಂದೆ ನಿಲ್ಲುತ್ತದೆ ಎಂದು ನೋಡುತ್ತ ನಿಲ್ಲುತ್ತಿದ್ದೆ. ಒಂದು ತಿಂಗಳು ಹೋಯಿತು, ಇನ್ನೂ ಅರ್ಧ ಹೋಯಿತು. ಉತ್ತರ ಬಂದಿಲ್ಲ ಎಂದಳು. ಆಮೇಲೊಂದು ಸೋಮವಾರ ನಾನು ರಟ್ಟು ತೆಗೆದುಕೊಂಡು ಅವಳ ಮನೆಗೆ ಹೋದರೆ, ಅವಳು ಮೆಷಿನ್ನಿನ ಮುಂದೆ ಕೂತಿದ್ದಳು.

"ಇವತ್ತು ಹೋಗಲ್ಲೇನಕ್ಕಾ?"

"ಬ್ಯಾಡ. ಸಾಕು ಬಿಡು."

"ಯಾಕ?"

"ಬ್ಲೌಸು ಬಾಳ ಉಳಿದಾವೆ," ಎಂದಳು. ತಲೆ ಎತ್ತಲಿಲ್ಲ.

ನನಗೆ ಬದುಕಿದೆ ಅನ್ನಿಸಿತು. ನಿಜ ಬರೆಯುತ್ತಿದ್ದೇನೆ, ಅದೇ ಅನ್ನಿಸಿತು.

ಆದರೆ ಊರು ಸುಮ್ಮನಿರುವುದಿಲ್ಲ. ಅಷ್ಟು ಜೋರು ಮಾಡಿದವಳು ಒಮ್ಮೆಲೇ ಯಾಕೆ ಸುಮ್ಮನಾದಳು? ದುಡ್ಡು ಮುಟ್ಟಿತು ಎಂದರು. ನಾಮಪತ್ರ ಬಿದ್ದದ್ದೂ ಅವಳದೇ ಆಟ, ತಮ್ಮನ ಹೆಸರು ಹಾಕಿ ಬೇಕೆಂದೇ ಬೀಳಿಸಿಕೊಂಡಳು ಎಂದರು. ಸಹಿ ಕಲಿಯಲು ಬರುತ್ತಿದ್ದವರು ಕಡಿಮೆಯಾದರು. ಕಚೇರಿಗೆ ಹೋಗಲು ಕರೆದರೆ ಮೊದಲು ನಲವತ್ತು ಜನ ಏಳುತ್ತಿದ್ದರು, ಈಗ ಆರೇಳು ಜನ. ಕೊಂಡಜ್ಜಿಯ ಅಜ್ಜನಿಗೆ ಕೊಟ್ಟ ಮಾತಿನಂತೆ ಅವಳು ಒಂದು ದಿನ ಅಲ್ಲಿಗೂ ಹೋಗಿ ಬಂದಳು. ಅಜ್ಜ ಜಗುಲಿಯಿಂದ ಒಳಗೆ ಎದ್ದು ಹೋದನಂತೆ. ಇದನ್ನು ಅವಳು ನನಗೆ ನಗುತ್ತ ಹೇಳಿದಳು.

ಹೋದ ತಿಂಗಳು ಖಾಲಾ ಅವರ ಪಿಂಚಣಿ ನಿಂತಿತ್ತು. ಅದಕ್ಕೆ ಅವರ ರೇಷನ್ ಕಾರ್ಡಿನ ಜೆರಾಕ್ಸು ಬೇಕಾಗಿ, "ಟ್ರಂಕಿನಾಗ ಹಸಿರು ಫೈಲ್ ಐತೆ, ತಗಿ," ಎಂದಳು ಅಕ್ಕ. ಅವಳು ಆಚೆಯ ಕೋಣೆಯಲ್ಲಿ ಹೊಲಿಯುತ್ತಿದ್ದಳು. ಹಸಿರು ಫೈಲು ಎರಡಿದ್ದವು. ಮೊದಲು ಕೈಗೆ ಬಂದದ್ದರಲ್ಲಿ ಒಂದು ಸರ್ಕಾರಿ ಲಕೋಟೆ. ಒಳಗೆ ವಿಳಾಸ ಬದಲಾವಣೆಯ ಫಾರಮ್ಮಿನ ನಕಲು. ವಿನೋಬನಗರದ ವಿಳಾಸ, ನನ್ನ ಫೋಟೋ. ಕೆಳಗೆ ನನ್ನ ಹೆಸರು, ಒಂದು ಗೆರೆ, ಎರಡು ಚುಕ್ಕಿ.

ಲಕೋಟೆಯ ಮೇಲಿನ ಅಂಚೆಯ ಮುದ್ರೆ ನೋಡಿದೆ. ಅವಳು ರಟ್ಟು ಬ್ಯಾಡ ಎಂದ ಆ ಸೋಮವಾರಕ್ಕೆ ನಾಲ್ಕು ದಿನ ಮುಂಚಿನದು.

ಅಂದರೆ ಎಲ್ಲ ಗೊತ್ತಿದ್ದೂ ಇದ್ದಳು. ಊರೆಲ್ಲ ದುಡ್ಡು ತಿಂದಳು ಎನ್ನುವಾಗ, ಈ ಒಂದು ಕಾಗದ ತೋರಿಸಿದ್ದರೆ ಸಾಕಿತ್ತು. ತೋರಿಸಿದ್ದರೆ ಬಾಯಿಗಳೆಲ್ಲ ನನ್ನ ಕಡೆ ತಿರುಗುತ್ತಿದ್ದವು. ಆಚೆ ಮೆಷಿನ್ನಿನ ಸದ್ದು ನಿಂತಿತ್ತು.

"ಸಿಕ್ತೇನೋ?"

"...ಸಿಕ್ತು."

"ಅದಲ್ಲ. ಅದರ ಕೆಳಗಿಂದು," ಎಂದಳು. ಮೆಷಿನ್ನು ಮತ್ತೆ ಶುರುವಾಯಿತು.

ಅಲ್ಲೂ ನಾನು ಬಾಯಿ ಬಿಡಲಿಲ್ಲ. ಕೆಳಗಿನ ಫೈಲು ಕೊಟ್ಟು ಮನೆಗೆ ಬಂದೆ. ಹೆಂಡತಿಗೆ ಹೇಳಿದೆ. ಅವಳು ಮಗಳ ಜಡೆ ಹಾಕುತ್ತಿದ್ದಳು. "ಅವತ್ತು ಮನೆಗೆ ಅರ್ಜಿ ಹಾಕಿದ್ದು ನಾವಿಬ್ರೂ. ಸುಳ್ಳು ಹೇಳಿದ್ದು ನೀವೊಬ್ರೇ," ಎಂದಳು. ಅದೂ ನಿಜ.

ಮುಂದಿನ ಭಾನುವಾರ ಬೆಳಿಗ್ಗೆ ಟ್ಯಾಂಕಿನ ಕೆಳಗೆ ಸಭೆ. ಹೊಳೆದಂಡೆಯ ಅಳತೆಗೆ ಮತ್ತೆ ಬರುತ್ತಾರಂತೆ, ಎಲ್ಲರೂ ಸಹಿ ಹಾಕಿ ಒಂದು ಮನವಿ ಕೊಡಬೇಕೆಂದು ಅಕ್ಕ ಕರೆದಿದ್ದಳು. ಮೂವತ್ತು ಜನ ಇದ್ದಿರಬಹುದು. ಕಾಗದ ಮುಂದೆ ಬಂದಾಗ, ಓಣಿಯ ಕೊನೆಯ ಮನೆಯ ಗಾರೆ ಕೆಲಸದವನು ಕೈ ಕಟ್ಟಿಕೊಂಡೇ ನಿಂತ.

"ನಾನು ಹಾಕಲ್ಲ. ಹೋದ್ಸಲ ನಮ್ಮ ಮನೆಯಾಕಿ ಸಹಿ ಹಾಕಿದ್ಲು. ಅದನ್ನ ಎಷ್ಟಕ್ಕೆ ಮಾರ್ಕೊಂಡ್ರಿ ಅಂತ ಮೊದ್ಲು ಹೇಳ್ರಿ."

"ಏ, ಬಾಯಿ ತೊಳ್ಕಂಡು ಮಾತಾಡು!" ಎಂದರು ಖಾಲಾ.

"ಬಿಡು ಖಾಲಾ," ಎಂದಳು ಅಕ್ಕ. "ಹಾಕೋರು ಹಾಕ್ಲಿ, ಬಿಡೋರು ಬಿಡ್ಲಿ." ಅವಳು ನನ್ನ ಕಡೆ ನೋಡಲಿಲ್ಲ. ಅಪ್ಪಿತಪ್ಪಿಯೂ ನೋಡಬಾರದೆಂದು ಕಾಗದದ ಮೇಲೆ ಕಣ್ಣಿಟ್ಟಿದ್ದಳು. ಅವಳ ಬೈತಲೆಯ ಎರಡೂ ಕಡೆ ಬೆಳ್ಳಗಾಗಿತ್ತು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಜನ ಎದ್ದು ಹೋಗುತ್ತಿದ್ದರು. ಮನವಿ ಅಲ್ಲಿಗೇ ನಿಲ್ಲುತ್ತಿತ್ತು.

ನಾನು ಎದ್ದು ನಿಂತೆ. ಟ್ಯಾಂಕಿನ ಕಂಬ ಹಿಡಿದುಕೊಂಡೆ.

"ನಮ್ಮಕ್ಕ ಏನೂ ಮಾರ್ಕೊಂಡಿಲ್ಲ. ನನ್ನ ಹೆಸರು ಯಾರೂ ತೆಗಿಲಿಲ್ಲ, ನಾನೇ ದಾವಣಗೆರೆಗೆ ಹಾಕ್ಸಿದ್ದೆ, ಮನೆ ಆಸೆಗೆ. ನಿಮ್ಮೆಲ್ಲರ ಮುಂದೆ ಸಹಿ ಮಾಡಿ, ನಿಮ್ಮ ಹಿಂದೆ ಅರ್ಜಿ ಹಾಕಿದೆ. ಪಟ್ಟಿ ನೋಡು ಅಂದ್ರೆ ನೋಡಿನೂ ಟಿಕ್ ಹಾಕಿದೆ. ಸಾಹೇಬ್ರು ಕೇಳಿದ್ರೆ ಇಲ್ಲ ಅಂದೆ. ಅಕ್ಕಂಗೆ ಆಮೇಲೆ ಗೊತ್ತಾತು. ನನ್ನ ಮರ್ಯಾದಿ ಹೋಗಬಾರದಂತ ತನ್ನದು ಕಳ್ಕಂಡ್ಲು."

ಅಕ್ಕ ಈಗ ತಲೆ ಎತ್ತಿದ್ದಳು. ಬ್ಯಾಡ ಎನ್ನುವ ಹಾಗೆ ಕೈ ಎತ್ತಿದಳು. ನಾನು ನಿಲ್ಲಿಸಲಿಲ್ಲ.

"ಕೊಂಡಜ್ಜಿ ಕೆರೆ ಏರಿ ಮೇಲೆ 'ಹತ್ತೂ?' ಅಂತ ಕೇಳಿದ್ಯಲ್ಲಕ್ಕಾ. ಒಂಬತ್ತೇ ಇದ್ವು. ಅವತ್ತು ಹೇಳ್ಬೇಕಿತ್ತು, ಹೇಳ್ಲಿಲ್ಲ. ತಪ್ಪಾತು ಅಕ್ಕಾ. ನನ್ನಿಂದ ಬಾಳ ತಪ್ಪಾತು."